ಊರಿನ ಜಾಡಿಗಳೆಲ್ಲ ತ್ರಾಯಾಂಕಾ ಪಾಲಾದದ್ದು

ನೀರಿನ ಮೀಟರ್ ಓದುವ ಗ್ಲಿಗೊರ್ ಪ್ರೋಗ್ರಾಮರ್ ಆಗಿದ್ದಾನೆಂಬುದು ಪೆಶ್ತೆವೋ ಊರಿಗೆ ಗೊತ್ತಾದದ್ದು ಅವನ ಕೋಟಿನಿಂದ. ನಾಯಿಗಳ ಕಾಟಕ್ಕೆಂದು ವರ್ಷವಿಡೀ ಹಳೆಯ ಚರ್ಮದ ಜಾಕೆಟ್ಟು ತೊಟ್ಟು ಮನೆಮನೆ ತಿರುಗುತ್ತಿದ್ದವನು ಸೆಪ್ಟೆಂಬರಿನ ಒಂದು ಸೋಮವಾರ ಬೂದು ಬಣ್ಣದ ಕೋಟು ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ ಹೊರಟ. ನಾಯಿಗಳು ಗುರುತು ಹಿಡಿಯದೆ ಎಂದಿಗಿಂತ ಜಾಸ್ತಿ ಬೊಗಳಿದವು. ಮನುಷ್ಯರು ಗುರುತು ಹಿಡಿದು, ಯಾರು ತೀರಿಕೊಂಡರು ಎಂದು ಕೇಳಿದರು.

ಯಾರೂ ತೀರಿಕೊಂಡಿರಲಿಲ್ಲ. ಪುರಸಭೆಯವರು ನೌಕರರಿಗೆಂದು ನಡೆಸಿದ ಸಂಜೆ ತರಗತಿ ಮುಗಿದು, ಗ್ಲಿಗೊರ್ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಬಲ್ಲವನೆಂದು ಸರ್ಕಾರಿ ಮೊಹರು ಬಿದ್ದಿತ್ತು, ಅಷ್ಟೇ. ವಿಂಡೊ ತೆರೆಯುವುದು, ವಿಂಡೊದಲ್ಲಿ ಗುಂಡಿ ಇಡುವುದು, ಗುಂಡಿ ಒತ್ತಿದರೆ ಏನಾದರೊಂದು ಆಗುವಂತೆ ಮಾಡುವುದು ಇವೆಲ್ಲ ಅವನಿಗೆ ಚೆನ್ನಾಗಿಯೇ ಬರುತ್ತಿದ್ದವು. ಕೊನೆಯ ಪಾಠವೊಂದು ಮಾತ್ರ ಕೊಂಚ ಮಸುಕಾಗಿತ್ತು. ಒಂದು ಕ್ಲಾಸಿನಲ್ಲಿ ಹುಟ್ಟಿದ ಆಬ್ಜೆಕ್ಟನ್ನು ಇನ್ನೊಂದು ಕ್ಲಾಸಿಗೆ ದಾಟಿಸುವುದು ಹೇಗೆ, ಅಂದರೆ ಒಂದು ವಿಂಡೊದಲ್ಲಿ ತುಂಬಿದ್ದು ಮತ್ತೊಂದು ವಿಂಡೊಗೆ ತಲುಪುವುದು ಹೇಗೆ ಎಂಬ ಪಾಠ ಅದು. ಅವತ್ತೇ ತರಗತಿಯ ಬೀಳ್ಕೊಡುಗೆಯೂ ಇದ್ದುದರಿಂದ ಮೇಷ್ಟ್ರು ದಾಮ್ಯಾನ್ ಪಾಠವನ್ನು ಬೇಗ ಸುತ್ತಿಟ್ಟು ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಬಾಟಲಿ ಮುಚ್ಚಳ ತೆಗೆದಿದ್ದರು. ದಾಟಿಸುವುದು ಹೇಗೆಂದು ಗ್ಲಿಗೊರ್‌ಗೆ ನೆನಪಿತ್ತು. ದಾಟಿಸುವುದು ಏನನ್ನು ಎಂಬಲ್ಲಿಗೆ ಬರುವ ಹೊತ್ತಿಗೆ ಮೊದಲ ಸುತ್ತು ಬಂದುಬಿಟ್ಟಿತ್ತು.

ಅವನ ಅತ್ತೆ ತ್ರಾಯಾಂಕಾ ಎರಡು ಬೀದಿಯಾಚೆ ಒಂಟಿಯಾಗಿದ್ದಳು. ಮಗಳು ಲೆಂಚೆಗೆ ಔಷಧಿ ಅಂಗಡಿಯವನನ್ನು ತರಬೇಕೆಂದಿದ್ದ ಅವಳಿಗೆ ಮೀಟರ್ ಓದುವವನು ಸಿಕ್ಕಿ ಹನ್ನೊಂದು ವರ್ಷವಾಗಿತ್ತು. ಬೇಸರ ಇನ್ನೂ ಹಸಿಯಾಗಿಯೇ ಇತ್ತು. ಅಳಿಯ ಪ್ರೋಗ್ರಾಮರ್ ಆದನೆಂದು ಲೆಂಚೆ ಹೇಳಿದಾಗ, ಇನ್ನು ಮೇಲೆ ನಮ್ಮ ಮನೆಗೆ ನೀರಿನ ಬಿಲ್ಲು ಕಡಿಮೆ ಬರುತ್ತದೆಯೇ ಎಂದು ಅವಳು ವಿಚಾರಿಸಿದಳು. ಬರುವುದಿಲ್ಲವೆಂದು ತಿಳಿದಾಗ, ಹಾಗಿದ್ದರೆ ಕೋಟಿಗೆ ಯಾಕೆ ದಂಡ ತೆತ್ತ ಎಂದಳು. ಅತ್ತೆ ಅಳಿಯಂದಿರು ಜಗಳವಿಲ್ಲದೆ ಕೂರುತ್ತಿದ್ದುದು ಭಾನುವಾರದ ಊಟಕ್ಕೆ ಮಾತ್ರ. ಅದಕ್ಕೆ ಕಾರಣ ಐವಾರ್. ಕೆಂಪು ದಪ್ಪಮೆಣಸಿನಕಾಯಿ ಸುಟ್ಟು, ಸುಲಿದು, ಎಣ್ಣೆಯಲ್ಲಿ ಅರ್ಧ ದಿನ ತಿರುವಿ ಮಾಡುವ ಐವಾರ್ ಆ ಸೀಮೆಯಲ್ಲಿ ಯಾರ ಮನೆಯಲ್ಲಿಲ್ಲ? ಆದರೆ ತ್ರಾಯಾಂಕಾ ಮೇಜಿನ ಮೇಲಿಡುವ ಐವಾರ್ ಬಂದಾಗ ಗ್ಲಿಗೊರ್ ಮಾತು ನಿಲ್ಲಿಸುತ್ತಿದ್ದ. ಬ್ರೆಡ್ಡಿಗೆ ಬಳಿದು, ಕಣ್ಣು ಮುಚ್ಚಿ ತಿಂದು, ಇನ್ನೂ ಸ್ವಲ್ಪ ಹಾಕಿ ಎನ್ನುತ್ತಿದ್ದ. ತ್ರಾಯಾಂಕಾ ಬಡಿಸುತ್ತಿದ್ದಳು. ಹೊಗಳಿಕೆ ಕೇಳಿದಾಗ ಅವಳ ಮುಖ ಯಾಕೋ ಗಂಟಾಗುತ್ತಿತ್ತು. ಅದನ್ನು ಅವನು ವಿನಯವೆಂದು ತಿಳಿದಿದ್ದ.

ಅಕ್ಟೋಬರಿನಲ್ಲಿ ಪೆಶ್ತೆವೋದಲ್ಲಿ ಐವಾರ್ ಸ್ಪರ್ಧೆ. ಹಿಂದಿನ ವರ್ಷ ಜಾಡಿಯ ತಳಕ್ಕೆ ಅಂಟಿಸಿದ ಹೆಸರಿನ ಚೀಟಿಯನ್ನು ಯಾರೋ ಇಣುಕಿ ನೋಡಿದರೆಂದು ಗಲಾಟೆಯಾಗಿ, ಎರಡು ಮನೆತನಗಳ ನಡುವೆ ಆಗಬೇಕಿದ್ದ ಮದುವೆಯೊಂದು ಮುಂದೆ ಹೋಗಿತ್ತು. ಈ ಸಲ ಕಾಗದದ ಸಹವಾಸವೇ ಬೇಡ, ಎಲ್ಲ ಕಂಪ್ಯೂಟರಿನಲ್ಲೇ ಆಗಲಿ ಎಂದು ಪುರಸಭೆಯ ಅಧ್ಯಕ್ಷ ಅಪೊಸ್ತೋಲ್ ಹೇಳಿದ್ದೇ ತಡ, ಬೂದು ಕೋಟು ಎದ್ದು ನಿಂತಿತು. ಪ್ರೋಗ್ರಾಂ ಚೆನ್ನಾಗಿ ನಡೆದರೆ ಗ್ಲಿಗೊರ್‌ನನ್ನು ಮೀಟರಿನಿಂದ ಬಿಡಿಸಿ ಕಂಪ್ಯೂಟರ್ ಕೋಣೆಗೆ ಹಾಕುವುದಾಗಿ ಅಧ್ಯಕ್ಷರು ಎಲ್ಲರೆದುರು ಮಾತು ಕೊಟ್ಟರು. ಕಂಪ್ಯೂಟರ್ ಕೋಣೆಯಲ್ಲಿ ನಾಯಿಗಳಿರಲಿಲ್ಲ.

ಗ್ಲಿಗೊರ್ ಎರಡು ವಿಂಡೊ ಕಟ್ಟಿದ. ಮೊದಲನೆಯದರಲ್ಲಿ ಹೆಂಗಸಿನ ಹೆಸರು ತುಂಬಿ ಗುಂಡಿ ಒತ್ತಿದರೆ, ಜಾಡಿಗೆ ಸರದಿ ನೋಡದೆ ಯಾವುದೋ ಒಂದು ಸಂಖ್ಯೆ ಸಿಗುತ್ತದೆ. ಎರಡನೆಯ ವಿಂಡೊ ತೀರ್ಪುಗಾರರದು. ಅಲ್ಲಿ ಅವರು ಸಂಖ್ಯೆಗೆ ಅಂಕ ಕೊಡುತ್ತಾರೆ. ಕೊನೆಯ ಗುಂಡಿ ಒತ್ತಿದಾಗ ಮೊದಲ ವಿಂಡೊದಿಂದ ದಾಟಿ ಬಂದ ಹೆಸರು ಸಭಾಂಗಣದ ದೊಡ್ಡ ಪರದೆಯ ಮೇಲೆ ಬೀಳುತ್ತದೆ. ಜಾಡಿಗಳನ್ನೂ ಪುರಸಭೆಯೇ ಕೊಟ್ಟಿತು, ಎಲ್ಲವೂ ಒಂದೇ ತರಹದವು. ಯಾವುದು ಯಾರದೆಂದು ದೇವರಿಗೂ ಪ್ರೋಗ್ರಾಮಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಾಗದಂತಹ ಏರ್ಪಾಡು. ಗ್ಲಿಗೊರ್ ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದ. ಲೆಂಚೆ ಒಂದು ಜಾಡಿ ತಂದಳು, ಹೆಸರು ಬರೆದ, ಗುಂಡಿ ಒತ್ತಿದ, ಆ ಕಡೆಯ ವಿಂಡೊದಲ್ಲಿ ಲೆಂಚೆ ಎಂದೇ ಬಂತು. ಒಂದು ಜಾಡಿಗೆ ಸರಿಯಾದದ್ದು ಮೂವತ್ತಕ್ಕೆ ಸರಿಯಾಗದೆ ಎಲ್ಲಿಗೆ ಹೋಗುತ್ತದೆ ಎಂದು ಅವನು ಕಂಪ್ಯೂಟರ್ ಮುಚ್ಚಿದ.

ಸ್ಪರ್ಧೆಯ ದಿನ ಹೆಂಗಸರು ಸಾಲಾಗಿ ಬಂದರು. ಗ್ಲಿಗೊರ್ ಹೆಸರು ಹೊಡೆಯುವುದು, ಜಾಡಿಗಳಿಗೆ ಅಡ್ಡ ಕಟ್ಟಿದ ಬಟ್ಟೆಯ ಪರದೆಯ ಹಿಂದೆ ಹೋಗಿ ಸಂಖ್ಯೆ ಅಂಟಿಸುವುದು, ಮತ್ತೆ ಬಂದು ಹೆಸರು ಹೊಡೆಯುವುದು. ಎಲ್ಲರಿಗಿಂತ ಮೊದಲು ಬಂದವಳು ಝಿವ್ಕಾ. ಅವಳು ತ್ರಾಯಾಂಕಾಳ ಪಕ್ಕದ ಮನೆಯವಳು; ನಡುವೆ ಇರುವುದು ಒಂದು ಬೇಲಿ, ಒಂದು ಆಕ್ರೋಟು ಮರ ಮತ್ತು ಆ ಮರದ ಎಲೆ ಯಾರು ಗುಡಿಸಬೇಕೆಂಬ ವಿಷಯದಲ್ಲಿ ಎಂದೋ ನಿಂತುಹೋದ ಮಾತುಕತೆ. ಬಾಗಿಲು ಹಾಕುವ ಹೊತ್ತಿಗೆ ಕೊನೆಯವಳಾಗಿ ತ್ರಾಯಾಂಕಾ ಬಂದಳು. ಬರುವುದೇ ಇಲ್ಲವೆಂದಿದ್ದೆ, ಅಳಿಯನ ಮರ್ಯಾದೆಗೆ ಬಂದೆ ಎಂದು ಗೊಣಗಿದಳು. ಹೆಸರಿನಲ್ಲಿ ಒಂದಕ್ಷರ ತಪ್ಪು ಹೊಡೆದನೆಂದು ಅವನನ್ನು ಅಲ್ಲೇ ಬೈದಳು. ಬೈಗುಳದ ನಡುವೆ ಗ್ಲಿಗೊರ್ ಆ ಜಾಡಿಗೆ ಯಾವ ಸಂಖ್ಯೆ ಅಂಟಿಸಿದನೆಂದು ನೋಡಲೂ ಇಲ್ಲ.

ಹೊರಗಿನಿಂದ ಬಂದ ಮೂವರು ತೀರ್ಪುಗಾರರು ಮಧ್ಯಾಹ್ನದವರೆಗೆ ಬ್ರೆಡ್ಡು ಅದ್ದಿ ಅದ್ದಿ ತಿಂದು, ಅಂಕ ಕೊಟ್ಟು, ಹೊಟ್ಟೆ ಹಿಡಿದುಕೊಂಡು ಬಸ್ಸು ಹತ್ತಿ ಹೋದರು. ಸಂಜೆ ಸಭಾಂಗಣ ತುಂಬಿತು. ವೇದಿಕೆಯ ಮೇಲೆ ಮೊದಲ ಬಹುಮಾನದ ಕಟ್ಟಿಗೆ ಒಲೆ ಕೆಂಪು ರಿಬ್ಬನ್ನು ಕಟ್ಟಿಕೊಂಡು ನಿಂತಿತ್ತು, ಪಕ್ಕದಲ್ಲಿ ಟ್ರೋಫಿ. ಅಧ್ಯಕ್ಷರು ಡಿಜಿಟಲ್ ಯುಗದ ಬಗ್ಗೆ ನಾಲ್ಕು ಮಾತಾಡಿ ಗ್ಲಿಗೊರ್‌ಗೆ ಕಣ್ಸನ್ನೆ ಮಾಡಿದರು. ಗ್ಲಿಗೊರ್ ಕೋಟು ಸರಿಮಾಡಿಕೊಂಡು ಗುಂಡಿ ಒತ್ತಿದ.

ಮೂರನೆಯ ಬಹುಮಾನ, ತ್ರಾಯಾಂಕಾ. ಸಭೆ ಚಪ್ಪಾಳೆ ತಟ್ಟಿತು. ತ್ರಾಯಾಂಕಾ ಕೂತಲ್ಲೇ ಬೆಚ್ಚಿದಳು, ಅಕ್ಕಪಕ್ಕದವರು ತಳ್ಳಿದ ಮೇಲೆ ಎದ್ದಳು. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡನೆಯ ಬಹುಮಾನ ಬಂತು, ತ್ರಾಯಾಂಕಾ. ಚಪ್ಪಾಳೆ ತೆಳುವಾಯಿತು. ಒಬ್ಬರಿಗೆ ಎರಡು ಜಾಡಿ ಇಡಲು ಬಿಟ್ಟವರು ಯಾರು ಎಂದು ಹಿಂದಿನಿಂದ ಒಂದು ದನಿ ಕೇಳಿತು. ಮೊದಲ ಬಹುಮಾನ, ತ್ರಾಯಾಂಕಾ. ಈಗ ಚಪ್ಪಾಳೆ ತಟ್ಟಿದವನು ಗ್ಲಿಗೊರ್ ಒಬ್ಬನೇ. ಅದೂ ಅಭ್ಯಾಸಬಲದಿಂದ.

ಅಧ್ಯಕ್ಷರು ಗಾಬರಿಯಲ್ಲಿ ಟ್ರೋಫಿಯನ್ನು ಅವಳ ಕೈಗೆ ಕೊಟ್ಟೇಬಿಟ್ಟರು. ತ್ರಾಯಾಂಕಾ ಅದನ್ನು ಎದೆಗವಚಿಕೊಂಡು ಮೈಕಿನ ಮುಂದೆ ನಿಂತಳು.

“ನನ್ನ ಅಳಿಯನ ಬಗ್ಗೆ ಈ ಊರಲ್ಲಿ ಏನೇನೋ ಮಾತಾಡಿದೀನಿ,” ಎಂದಳು. “ಅದ್ರಲ್ಲಿ ಅರ್ಧ ವಾಪಸ್ ತಗೋತೀನಿ.”

ಗ್ಲಿಗೊರ್‌ನ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಅದೇ ಸಂಭ್ರಮದಲ್ಲಿ ಅವನು ಪದ್ಧತಿಯಂತೆ ಇನ್ನೊಂದು ಗುಂಡಿ ಒತ್ತಿದ. ಕಟ್ಟಕಡೆಗೆ ಬಂದವರಿಗೆ ಪೆಶ್ತೆವೋದಲ್ಲಿ ಒಂದು ಮರದ ಸೌಟು ಕೊಡುತ್ತಾರೆ, ಬರುವ ವರ್ಷ ಚೆನ್ನಾಗಿ ತಿರುವಲಿ ಎಂದು. ಪರದೆಯ ಮೇಲೆ ಬಂತು: ತ್ರಾಯಾಂಕಾ.

ಝಿವ್ಕಾ ಎದ್ದು ನಿಂತು, ಪೂರ್ತಿ ಪಟ್ಟಿ ತೋರಿಸಿ ಎಂದಳು. ತೋರಿಸದೆ ವಿಧಿಯಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು ಮೆರವಣಿಗೆ ಹೊರಟಿತ್ತು.

“ಇಡೀ ಊರಿನ ಮೆಣಸಿನಕಾಯಿನ ಇವಳೊಬ್ಬಳೇ ಸುಟ್ಟಳಂತಾ ಅಧ್ಯಕ್ಷರೇ?” ಎಂದು ಝಿವ್ಕಾ ಕೇಳಿದಳು. “ಹಾಗಾದ್ರೆ ನಾವೆಲ್ಲ ಬೆಳಗ್ಗೆಯಿಂದ ಹೊತ್ಕೊಂಡ್ ಬಂದಿದ್ದೇನು, ಜಾಡೀಲಿ ಗಾಳಿನಾ?”

ಆಮೇಲಿನದನ್ನು ವಿವರವಾಗಿ ಹೇಳುವುದು ಕಷ್ಟ, ಏಕೆಂದರೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಳಿಯ ಅತ್ತೆಗಾಗಿ ಊರನ್ನೇ ಮಾರಿದ ಎಂದರು ಕೆಲವರು. ಒಲೆಗಾಗಿ ಎಂದರು ಕೆಲವರು. ಮೀಟರಿನಲ್ಲೂ ಇವನು ಹೀಗೆಯೇ ಮಾಡಿರಬೇಕು, ಅದಕ್ಕೇ ನಮ್ಮ ಬಿಲ್ಲು ಜಾಸ್ತಿ ಬರುತ್ತಿದೆ ಎಂದು ಒಬ್ಬರು ನೆನಪಿಸಿದರು, ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಬಾಗಿಲ ಬಳಿ ನಿಂತಿದ್ದ ಪೊಲೀಸಿನವನು, ಯಾರ ಮೇಲೆ ದೂರು ಬರೆದರೂ ಅದು ತನ್ನ ನೆಂಟರೇ ಆಗಿರುತ್ತಾರೆಂದು ಲೆಕ್ಕ ಹಾಕಿ, ಟೊಪ್ಪಿಗೆ ತೆಗೆದು ಒಳಗಿನ ಬೆವರು ಒರೆಸುವುದರಲ್ಲಿ ಮಗ್ನನಾದ. ಗ್ಲಿಗೊರ್ ಕಂಪ್ಯೂಟರನ್ನು ಕಂಕುಳಲ್ಲಿರಿಸಿಕೊಂಡು ಹಿಂಬಾಗಿಲಿನಿಂದ ಬಾಯ್ಲರ್ ಕೋಣೆಗೆ ಇಳಿದು, ಚಿಲಕ ಹಾಕಿಕೊಂಡು, ದಾಮ್ಯಾನ್ ಮೇಷ್ಟ್ರಿಗೆ ಫೋನು ಮಾಡಿದ.

ಮೇಷ್ಟ್ರು ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದರು. ಮೀನು ಬೆದರಬಾರದೆಂದು ಪಿಸುಗುಟ್ಟಿಯೇ ಮಾತಾಡಿದರು. ಹೆಂಗಸರು ಹುಡುಕಿ ಬರಬಾರದೆಂದು ಗ್ಲಿಗೊರ್ ಕೂಡ ಪಿಸುಗುಟ್ಟಿದ.

“ಜಾಡಿಯ ಆಬ್ಜೆಕ್ಟನ್ನ ಎಲ್ಲಿ ಹುಟ್ಟಿಸಿದೀಯಪ್ಪ?” ಎಂದು ಮೇಷ್ಟ್ರು ಕೇಳಿದರು.

“ವಿಂಡೊ ತೆರೆದ ತಕ್ಷಣ, ಸಾರ್.”

“ಒಬ್ಬೊಬ್ಬರು ಬಂದಾಗಲೂ ಹೊಸದು ಹುಟ್ಟಿಸಿದೆಯಾ?”

“ಹೊಸದ್ಯಾಕೆ ಸಾರ್, ಆಗಲೇ ಒಂದಿತ್ತಲ್ಲ.”

ಆ ಕಡೆ ಮೇಷ್ಟ್ರು ಗಾಳದ ಕೋಲನ್ನು ಪಕ್ಕಕ್ಕಿಟ್ಟ ಸದ್ದು ಕೇಳಿತು.

“ನೋಡು ಗ್ಲಿಗೊರ್,” ಎಂದರು ಮೇಷ್ಟ್ರು, “ಆಬ್ಜೆಕ್ಟನ್ನ ಆ ಕಡೆಗೆ ದಾಟಿಸಿದೆ ಅಂದ್ರೆ ಜಾಡಿನೇ ಎತ್ತಿ ಕೊಟ್ಟೆ ಅಂತಲ್ಲ. ಜಾಡಿ ಎಲ್ಲಿದೆ ಅನ್ನೋ ವಿಳಾಸ ಕೊಟ್ಟೆ ಅಂತ. ನೀನು ಮೂವತ್ತು ಸಲ ಒಂದೇ ಮನೆ ವಿಳಾಸ ಕೊಟ್ಟಿದೀಯ. ಬಾಗಿಲ ಮೇಲಿನ ಹೆಸರು ಮಾತ್ರ ಅಳಿಸಿ ಅಳಿಸಿ ಬರ್ದಿದೀಯ. ಕೊನೇಲಿ ಯಾರು ಬಂದ್ರೋ, ಎಲ್ಲಾ ಕಡೆ ಅವರ ಹೆಸರೇ ಕಾಣುತ್ತೆ.”

ಹಳೆಯ ಹೆಸರುಗಳು ಸಿಗುತ್ತವೆಯೇ ಎಂದು ಗ್ಲಿಗೊರ್ ಕೇಳಿದ. ಅಳಿಸಿದ್ದು ಅಳಿಸಿಹೋಯಿತು ಎಂದರು ಮೇಷ್ಟ್ರು. ಆಮೇಲೆ, ಗಾಳಕ್ಕೆ ಏನೋ ಸಿಕ್ಕಿದೆ ಎಂದು ಫೋನು ಇಟ್ಟರು. ಗ್ಲಿಗೊರ್ ಬಾಯ್ಲರಿಗೆ ಬೆನ್ನು ಕೊಟ್ಟು ಕುಸಿದು ಕೂತ. ಕೋಣೆ ಬೆಚ್ಚಗಿತ್ತು, ನಾಯಿಗಳೂ ಇರಲಿಲ್ಲ. ಇಲ್ಲೇ ಇದ್ದುಬಿಡಬಹುದಲ್ಲ ಎಂದೂ ಅವನಿಗೆ ಅನ್ನಿಸಿತು.

ಮೇಲೆ ಅಧ್ಯಕ್ಷರು ಸುಮ್ಮನೆ ಕೂತಿರಲಿಲ್ಲ. ಮೊದಲು ಅವರು ಹೆಂಗಸರಿಗೆ, ರುಚಿ ನೋಡಿ ನಿಮ್ಮ ನಿಮ್ಮ ಜಾಡಿ ನೀವೇ ಗುರುತಿಸಿ ಎಂದರು. ಅಷ್ಟು ಹೇಳಿದ್ದೇ, ಇದ್ದಬದ್ದ ಹೆಂಗಸರೆಲ್ಲ ಮೊದಲ ಬಹುಮಾನ ಬಂದ ಹದಿನೇಳನೆಯ ಜಾಡಿಯ ಸುತ್ತ ನೆರೆದರು. ಒಬ್ಬೊಬ್ಬಳೂ ಬೆರಳು ಅದ್ದಿ, ನೆಕ್ಕಿ, ಇದು ತನ್ನದೇ ಎಂದು ಮಕ್ಕಳ ಮೇಲೆ ಆಣೆ ಇಟ್ಟಳು. ಕಟ್ಟಕಡೆಗೆ ಬಂದ ಐದನೆಯ ಜಾಡಿಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ತ್ರಾಯಾಂಕಾ ಮಾತ್ರ ಗುಂಪಿಗೆ ಹೋಗದೆ, ಟ್ರೋಫಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೊಟ್ಟದ್ದನ್ನು ಅವಳಾಗಿ ಹಿಂದಿರುಗಿಸುವ ಲಕ್ಷಣ ಇರಲಿಲ್ಲ.

ಆಗ ಅಧ್ಯಕ್ಷರಿಗೆ ಜೀವನದ ದೊಡ್ಡ ಯೋಚನೆ ಹೊಳೆಯಿತು. ಗಂಡಂದಿರನ್ನು ಕರೆಸಿ ಎಂದರು. ಚಳಿಗಾಲವಿಡೀ ತಿನ್ನುವವರು ಅವರು, ಅವರಿಗೆ ಗೊತ್ತಾಗದೆ ಇರುತ್ತದೆಯೇ? ಎದುರಿನ ಹೋಟೆಲಿನಲ್ಲಿ ನಿಶ್ಚಿಂತೆಯಾಗಿದ್ದ ಗಂಡಸರನ್ನು ಪೊಲೀಸಿನವನು ಅಟ್ಟಿಕೊಂಡು ಬಂದ. ಜಾಡಿಗಳ ಸಂಖ್ಯೆ ಕಾಣದಂತೆ ಗೋಡೆಗೆ ತಿರುಗಿಸಿಟ್ಟು, ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದು ರುಚಿ ನೋಡಿಸಿ, ಅವರು ತೋರಿಸಿದ ಜಾಡಿಯ ಸಂಖ್ಯೆಯನ್ನು ಅಧ್ಯಕ್ಷರು ಹೊರಗೆ ಬಂದು ಕೂಗುತ್ತಿದ್ದರು.

ಯುದ್ಧಕ್ಕೆ ಹೋಗಿ ಬಂದವರು ಆ ಊರಿನಲ್ಲಿ ಇದ್ದರು. ಅವರೂ ಪರದೆಯ ಹಿಂದೆ ಹೋಗುವ ಮುನ್ನ ಶಿಲುಬೆಯ ಗುರುತು ಮಾಡಿಕೊಂಡರು. ಬೇಕರಿಯವನು ಹೆಂಡತಿಯದನ್ನು ಬಿಟ್ಟು ತನ್ನ ತಾಯಿಯ ಐವಾರನ್ನು ಗುರುತಿಸಿದ. ಅತ್ತೆ ಸೊಸೆ ಇಬ್ಬರೂ ಅಲ್ಲೇ ಇದ್ದರು. ಇನ್ನೊಬ್ಬ, ಮನೆಯಲ್ಲಿ ಐವಾರ್ ಮಾಡುತ್ತಾರೆಂಬುದೇ ತನಗೆ ಗೊತ್ತಿರಲಿಲ್ಲ ಎಂದ. ಆದರೂ ಇಂಥವರ ಹೆಂಡತಿಯರು ತಮ್ಮದನ್ನು ತಾವೇ ಒಪ್ಪಿಕೊಂಡು, ಒಟ್ಟಿನಲ್ಲಿ ಯೋಜನೆ ಫಲಿಸಿತು. ಝಿವ್ಕಾಳ ಗಂಡ ತಾಸೆ ಸೌಮ್ಯ ಮನುಷ್ಯ, ಕೀಲುನೋವಿನವನು. ಒಳಗೆ ಹೋದವನು ಅರೆಗಳಿಗೆಯಲ್ಲಿ ಹೊರಗೆ ಬಂದ. ಅಧ್ಯಕ್ಷರು ಕೂಗಿದರು, ಹದಿನೇಳು. ಝಿವ್ಕಾ ಎರಡೂ ಕೈ ಮೇಲೆತ್ತಿದಳು. ತಾಸೆ ಅಷ್ಟು ಹೇಳಿ ಬೇಗ ಹೋಗಿ ಕಂಬದ ಹಿಂದೆ ನಿಂತದ್ದನ್ನು ಯಾರೂ ಗಮನಿಸಲಿಲ್ಲ.

ಇನ್ನು ಉಳಿದವಳು ವಿಧವೆ ತ್ರಾಯಾಂಕಾ ಒಬ್ಬಳೇ, ಉಳಿದ ಜಾಡಿ ಐದನೆಯದೊಂದೇ. ಅಲ್ಲಿಗೆ ಮುಗಿಯಿತು, ಸೌಟು ಕೊಟ್ಟು ಕಳಿಸೋಣ ಎಂದಳು ಝಿವ್ಕಾ. ಅಧ್ಯಕ್ಷರು ಒಪ್ಪಲಿಲ್ಲ. ಟ್ರೋಫಿ ಅವಳ ತೊಡೆಯ ಮೇಲಿದೆ, ನ್ಯಾಯವಾಗಿ ಕೇಳಿ ತೆಗೆದುಕೊಳ್ಳಬೇಕು, ಅವಳ ಅಡುಗೆ ತಿನ್ನುವ ಗಂಡಸು ಅಳಿಯ, ಅವನನ್ನು ಹುಡುಕಿ ಎಂದರು.

ಬಾಯ್ಲರ್ ಕೋಣೆಯಿಂದ ಎಳೆತಂದ ಗ್ಲಿಗೊರ್‌ಗೆ ಮೇಲೆ ನಡೆದದ್ದೇನೂ ಗೊತ್ತಿರಲಿಲ್ಲ. ಕೋಟಿಗೆ ಮಸಿ ಹತ್ತಿತ್ತು. ಪರದೆಯ ಹಿಂದೆ ಹೋಗಿ ಅವನು ಒಂದೊಂದೇ ಜಾಡಿಗೆ ಬ್ರೆಡ್ಡು ಅದ್ದಿದ. ಒಂದು ಸಿಹಿ, ಒಂದು ನೀರು, ಒಂದರಲ್ಲಿ ಬದನೆಕಾಯಿ ಹೆಚ್ಚು. ಒಂದಂತೂ ಸೀದ ಟಯರಿನ ಹಾಗಿತ್ತು; ಅದನ್ನು ಉಗುಳಿ, ನೀರು ಕುಡಿದ. ಅದರ ಮುಂದಿನದನ್ನು ಬಾಯಿಗಿಟ್ಟವನ ಕಣ್ಣು ತಾವಾಗಿ ಮುಚ್ಚಿದವು. ಹೊರಗೆ ಬರುವಾಗ ಅವನ ಮುಖದಲ್ಲಿ, ಸತ್ಯವನ್ನೂ ಹೇಳಿ ಅತ್ತೆಯನ್ನೂ ಮೆಚ್ಚಿಸುವ ಅವಕಾಶ ಮನುಷ್ಯನಿಗೆ ಹೀಗೂ ಸಿಗುತ್ತದಲ್ಲ ಎಂಬ ಕಾಂತಿ ಇತ್ತು.

ಅಧ್ಯಕ್ಷರು ಜಾಡಿ ತಿರುಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಹೊರಗೆ ಬಂದು ಮೆಲ್ಲಗೆ, ಹದಿನೇಳು, ಎಂದರು.

ಇದು ಮೋಸ ಎಂದು ಸಭೆ ಎದ್ದು ನಿಂತಿತು. ವಿಚಿತ್ರವೆಂದರೆ ಗೆದ್ದ ತ್ರಾಯಾಂಕಾಳ ಮುಖ ಬೆಳ್ಳಗಾಗಿತ್ತು. ಅವನಿಗೆ ನೆಗಡಿ, ಅವನ ನಾಲಗೆಯನ್ನು ನಂಬಬೇಡಿ ಎಂದು ಅವಳೇ ಹೇಳಿದಳು. ಗ್ಲಿಗೊರ್‌ಗೆ ರೇಗಿತು. ಪ್ರೋಗ್ರಾಮಿನಲ್ಲಿ ತಪ್ಪಿದವನೆಂದು ನಾಲಗೆಯೂ ತಪ್ಪಬೇಕೇ?

“ನನಗೆ ಗೊತ್ತಾಗಲ್ವಾ ಅತ್ತೆ?” ಎಂದ. “ಹನ್ನೊಂದು ವರ್ಷದಿಂದ ಭಾನುವಾರ ತಪ್ಪದೆ ನಿಮ್ಮನೇಲಿ ತಿಂದಿರೋದು ಇದನ್ನೇ. ಮೊದಲು ಹೊಗೆ ವಾಸನೆ ಬರುತ್ತೆ. ಬೆಳ್ಳುಳ್ಳಿ ಕಾಣಲ್ಲ, ಆಮೇಲೆ ಗಂಟಲ ಹತ್ರ ಬರುತ್ತೆ. ಕೊನೇಲಿ ಒಂಚೂರು ಸಿಹಿ. ಸುಳ್ಳಾದ್ರೆ ಈ ಕೋಟು ಸುಟ್ಟುಬಿಡಿ.”

ಒಂದೊಂದು ಮಾತಿಗೂ ಝಿವ್ಕಾ ತಲೆಯಾಡಿಸುತ್ತಿದ್ದಳು. ಹೊಗೆ ಹೌದು, ಅದು ಆಕ್ರೋಟು ಕಟ್ಟಿಗೆಯದು. ಬೆಳ್ಳುಳ್ಳಿ ಹೌದು, ತಾನು ಅದನ್ನು ಬೇಯಿಸಿಯೇ ಹಾಕುವುದು. ಸಿಹಿಯೂ ಹೌದು. ತಲೆಯಾಡಿಸುತ್ತಿದ್ದವಳು ಥಟ್ಟನೆ ನಿಂತು, ಸಭಾಂಗಣವನ್ನೆಲ್ಲ ಕಣ್ಣಲ್ಲೇ ಗುಡಿಸಿ, ಕಂಬದ ಹಿಂದೆ ಕಾಣುತ್ತಿದ್ದ ಒಂದು ಮೊಣಕೈಯನ್ನು ಪತ್ತೆ ಮಾಡಿದಳು.

“ತಾಸೆ,” ಎಂದಳು. “ವರ್ಷ ವರ್ಷವೂ ನೆಲಮಾಳಿಗೇಲಿ ನನ್ನ ಜಾಡಿ ಕಮ್ಮಿ ಆಗುತ್ತಲ್ಲ. ಯಾರು ತಿಂತಾರೆ ಅಂದಿದ್ದೆ ನೀನು?”

“ಇಲಿ,” ಎಂದ ತಾಸೆ, ಕಂಬದ ಹಿಂದಿನಿಂದ.

“ಜಾಡಿ ಸಮೇತ ತಿಂತಾವಾ?”

ತಾಸೆ ಹೊರಗೆ ಬಂದ. ಗುಟ್ಟು ಬಹಳ ದಿನ ಹೊತ್ತವನಿಗೆ ಇಳಿಸಲು ಇಷ್ಟು ಸಾಕಾಗಿತ್ತು. ತ್ರಾಯಾಂಕಾಳ ಮನೆಯಲ್ಲಿ ಅವಳ ಗಂಡ ಇಟ್ಟುಹೋದ ದ್ರಾಕ್ಷಿ ರಾಕಿಯಾ ಇತ್ತು. ತಾಸೆಗೆ ಕುಡಿಯಬಾರದೆಂದು ಡಾಕ್ಟರೂ ಝಿವ್ಕಾಳೂ ಹೇಳಿದ್ದರು. ತ್ರಾಯಾಂಕಾಗೋ ಐವಾರ್ ಯಾವತ್ತೂ ಕೈಗೆ ಹತ್ತಿದ್ದಿಲ್ಲ. ಮಗಳ ಮದುವೆಯಾದ ವರ್ಷ, ಹೊಸ ಅಳಿಯ ಊಟಕ್ಕೆ ಬರುತ್ತಾನೆ, ಮಾನ ಉಳಿಸು ತಾಸೆ ಎಂದು ಬೇಲಿಯ ಹತ್ತಿರ ಕೇಳಿಕೊಂಡಳು. ಒಂದು ಜಾಡಿ ಆ ಕಡೆ ದಾಟಿತು, ಒಂದು ಸೀಸೆ ಈ ಕಡೆ ದಾಟಿತು. ಅಳಿಯ ಇನ್ನೂ ಸ್ವಲ್ಪ ಹಾಕಿ ಎಂದ. ಆಮೇಲೆ ನಿಲ್ಲಿಸುವುದು ಹೇಗೆ?

ಅಧ್ಯಕ್ಷರಿಗೆ ತಲೆ ಬುಡ ತಿಳಿಯಲಿಲ್ಲ. ಇಬ್ಬರು ಪ್ರಾಮಾಣಿಕರು ಒಂದೇ ಜಾಡಿಯನ್ನು ಎರಡು ಮನೆಯದೆಂದು ಹೇಳುವುದು ಹೇಗೆ ಸಾಧ್ಯ, ನೀನು ಓದಿದವನು, ನೀನಾದರೂ ಬಿಡಿಸಿ ಹೇಳು ಎಂದು ಗ್ಲಿಗೊರ್‌ನನ್ನು ಕೇಳಿದರು. ಗ್ಲಿಗೊರ್ ಅತ್ತೆಯನ್ನು ನೋಡುತ್ತಾ ನಿಂತಿದ್ದ. ಮೇಷ್ಟ್ರು ಕೆರೆಯ ದಂಡೆಯಿಂದ ಹೇಳಿದ ಪಾಠ ಅವನಿಗೆ ಈಗ ಪೂರ್ತಿಯಾಗಿ ಅರ್ಥವಾಗಿತ್ತು.

“ಜಾಡಿ ಒಂದೇ ಸಾರ್,” ಎಂದ. “ಹೆಸರು ಎರಡು.”

ತ್ರಾಯಾಂಕಾ ಎದ್ದಳು. ಇಡೀ ಊರು ನೋಡುತ್ತಿರುವಂತೆ ನಡೆದುಹೋಗಿ ಟ್ರೋಫಿಯನ್ನು ಝಿವ್ಕಾಳ ಕೈಯಲ್ಲಿಟ್ಟಳು. ಎಲೆ ಗುಡಿಸುವ ಜಗಳವಾದ ಮೇಲೆ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು.

“ಚೆನ್ನಾಗಿ ಮಾಡ್ತೀಯ,” ಎಂದಳು ತ್ರಾಯಾಂಕಾ. “ಹನ್ನೊಂದು ವರ್ಷದಿಂದ ಹೇಳ್ಬೇಕು ಅಂತಿದ್ದೆ.”

ಝಿವ್ಕಾ ಟ್ರೋಫಿಯನ್ನು ತೋಳಿನಿಂದ ಒರೆಸಿ ಕಂಕುಳಿಗೆ ಸೇರಿಸಿದಳು. ಆಮೇಲೆ, ರಾಕಿಯಾ ಇನ್ನೆಷ್ಟು ಉಳಿದಿದೆ ಎಂದು ಕೇಳಿದಳು. ಮೂರು ಸೀಸೆ ಎಂದಳು ತ್ರಾಯಾಂಕಾ. ಹಾಗಾದರೆ ಒಲೆ ಹಚ್ಚುವ ದಿನ ಒಂದನ್ನು ಹಿಡಿದುಕೊಂಡು ಬಾ, ಬೇಲಿಯ ಮೇಲಿಂದಲ್ಲ, ಬಾಗಿಲಿನಿಂದ ಬಾ ಎಂದು ಹೇಳಿ, ಝಿವ್ಕಾ ತಾಸೆಯ ತೋಳು ಹಿಡಿದು ಮನೆಯ ಕಡೆ ಹೊರಟಳು. ಅವನೊಡನೆ ಆಡುವ ಮಾತು ಬೇರೆ ಇತ್ತು.

ಗ್ಲಿಗೊರ್‌ಗೆ ಕಂಪ್ಯೂಟರ್ ಕೋಣೆ ಸಿಗಲಿಲ್ಲ. ಮೀಟರೇ ವಾಸಿ, ಮನೆಗೊಂದು ಇರುತ್ತದೆ, ಗೋಡೆಗೆ ಮೊಳೆ ಹೊಡೆದು ಕೂರಿಸಿರುತ್ತಾರೆ, ನೀನು ಏನು ಮಾಡಿದರೂ ಎಲ್ಲ ತ್ರಾಯಾಂಕಾಳದಾಗುವುದಿಲ್ಲ ಎಂದರು ಅಧ್ಯಕ್ಷರು. ಅವನು ಒಂದು ವಾರ ಕೂತು ಪ್ರೋಗ್ರಾಮನ್ನು ಸರಿಮಾಡಿದ. ಗುಂಡಿ ಒತ್ತಿದಾಗಲೆಲ್ಲ ಈಗ ಹೊಸ ಜಾಡಿ ಹುಟ್ಟುತ್ತಿತ್ತು. ಮೂವತ್ತು ಹೆಸರು ಹೊಡೆದರೆ ಮೂವತ್ತೂ ಬೇರೆ ಬೇರೆಯಾಗಿ ಬರುತ್ತಿದ್ದವು. ಅದನ್ನು ನೋಡಲು ಲೆಂಚೆಯ ಹೊರತು ಬೇರೆ ಯಾರೂ ಇರಲಿಲ್ಲ. ಅವಳು ನೋಡಿ, ಚೆನ್ನಾಗಿದೆ ಎಂದಳು.

ಭಾನುವಾರ ಬಂತು. ಅತ್ತೆಯ ಮನೆಯಲ್ಲಿ ಎಂದಿನಂತೆ ಮೇಜು ಸಿದ್ಧವಾಗಿತ್ತು. ಬಚ್ಚಿಡುವಂಥದ್ದು ಇನ್ನೇನೂ ಇಲ್ಲದ ತ್ರಾಯಾಂಕಾ ಆ ದಿನ ಬಹಳ ಹಗುರಾಗಿದ್ದಳು, ಹಾಡು ಗುನುಗುತ್ತಾ ಓಡಾಡಿದಳು. ಇನ್ನು ಮೇಲೆ ಕಳ್ಳತನದ ಊಟವಿಲ್ಲ, ತನ್ನ ಕೈಯದ್ದೇ ಎಂದು ದೊಡ್ಡ ಸೌಟಿನಲ್ಲಿ ಅಳಿಯನ ತಟ್ಟೆಗೆ ಐವಾರ್ ಬಡಿಸಿದಳು. ಗ್ಲಿಗೊರ್ ಬ್ರೆಡ್ಡಿಗೆ ಬಳಿದು ಬಾಯಿಗಿಟ್ಟ. ಪರದೆಯ ಹಿಂದೆ ಉಗುಳಿದ ಜಾಡಿ ಯಾವುದೆಂದು ಅವನಿಗೆ ಆ ಕ್ಷಣಕ್ಕೆ ತಿಳಿಯಿತು. ಲೆಂಚೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು ನುಂಗಿದ.

“ಹೇಗಿದೆ?” ಎಂದು ತ್ರಾಯಾಂಕಾ ಕೇಳಿದಳು. ಅವಳ ಕಣ್ಣು ಅವನ ಬಾಯಿಯ ಮೇಲೇ ಇತ್ತು.

“ಮೊದಲನೇ ಸಲ ತಿಂತಿರೋದಲ್ವಾ ಅತ್ತೆ,” ಎಂದ ಗ್ಲಿಗೊರ್. “ಸ್ವಲ್ಪ ಅಭ್ಯಾಸ ಆಗ್ಬೇಕು.”

“ಆಗುತ್ತೆ ಆಗುತ್ತೆ,” ಎಂದಳು ತ್ರಾಯಾಂಕಾ, ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾ. “ಹನ್ನೊಂದು ವರ್ಷ ಮಾಡಿಟ್ಟಿದ್ದೆಲ್ಲ ನೆಲಮಾಳಿಗೇಲಿ ಹಾಗೇ ಇದೆ.”